ಖಾಲಿ ಧಕ್ಕೆಯ ತೂಕ

"ಇದು ಕ್ಯಾಮೆರಾ ಹೆತ್ತ ಕೂಸಲ್ಲ, ಬು. ಆಮೇಲೆ ಯಾರೋ ತಿದ್ದಿ ತೀಡಿ ಬೆಳೆಸಿದ್ದು."

ಹಿರಿಯರೆಂದು ಎಲ್ಲರೂ ಪಾಕ್ ಎಂದು ಕರೆಯುವ, ಸ್ಟುಡಿಯೊದ ಹಳೆಯ ಸಂಕಲನಕಾರ ಕುಂಚೊರೊ ಹಾಗೆಂದು ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. ಎರಡೂ ಪರದೆಗಳು, ಅವರು ಅಮ್ಮ ಎಂಬ ಗೌರವದಲ್ಲಿ ಬು ಎಂದು ಕರೆದ ಪಾಲುಪಿಗೆ ಕಾಣುವಂತಾದವು. ಹೊರಗೆ ಸುರಬಾಯಾದ ಬಿಸಿಲು ತಾರು ಕರಗಿಸುತ್ತಿತ್ತು. ಬಯಾಂಗ್ ಸ್ಟುಡಿಯೊದ ಈ ಕೋಣೆಯಲ್ಲಿ ಮಾತ್ರ ಯಂತ್ರಗಳಿಗಾಗಿ ಇಟ್ಟ ತಂಪು ಮೂಳೆಗೆ ಇಳಿಯುತ್ತಿತ್ತು. ಪಾಲುಪಿ ಹೆಗಲ ಮೇಲಿನ ಶಾಲನ್ನು ಬಿಗಿಯಾಗಿ ಸುತ್ತಿಕೊಂಡಳು.

ಲಾರಿ ಸಾಗಿಸುವ ಹಡಗು ಕೆಂಬಾಂಗ್ ಸೆಲಾಟ್ ಮುಳುಗಿದ್ದು, ಅದರೊಂದಿಗೇ ಹೋದ ಕಪ್ತಾನ ಬಸುನಿಯ ತಪ್ಪಿನಿಂದ ಎಂದು ಹಡಗಿನ ಕಂಪನಿ ಹೇಳುತ್ತಿತ್ತು. ಅಲ್ಲವೆಂದು ಸಾಬೀತು ಮಾಡಿಕೊಡಿ ಎಂದು ಖಾಸಗಿ ಪತ್ತೇದಾರಿಕೆ ನಡೆಸುವ ಪಾಲುಪಿಯ ಬಾಗಿಲು ತಟ್ಟಿದವಳು ಬಸುನಿಯ ಹೆಂಡತಿ ಸುಮಿಯಾರ್. ಕಂಪನಿಯ ಜಾಹೀರಾತುಗಳನ್ನೆಲ್ಲ ಮಾಡುವ ಈ ಸ್ಟುಡಿಯೊದ ಹೆಸರು ಹೇಳಿದವಳೂ ಅವಳೇ.

ಇದ್ದ ಸಾಕ್ಷಿ ಒಂದೇ, ಬಂದರಿನ ಧಕ್ಕೆಯಲ್ಲಿ, ಹಡಗು ನಿಲ್ಲುವ ಕಟ್ಟೆಯಲ್ಲಿ, ಕಂಬದ ಮೇಲಿನ ಕ್ಯಾಮೆರಾ ಹಿಡಿದ ವಿಡಿಯೊ. ಅದರಲ್ಲಿ ಮೂರು ಲಾರಿ ಹಡಗು ಹತ್ತುತ್ತವೆ. ಮೂರು ಲಾರಿಯ ಭಾರಕ್ಕೆ ಆ ಹಡಗು ಮಗುಚುವುದು ಸಾಧ್ಯವೇ ಇಲ್ಲ. ಹಾಗಾದರೆ ತಪ್ಪು ಚುಕ್ಕಾಣಿ ಹಿಡಿದವನದು. ಸೋಮವಾರ ತನಿಖಾ ಮಂಡಳಿ ಅದನ್ನೇ ಬರೆದು ಮುಚ್ಚಿಹಾಕಲಿತ್ತು.

"ತಿದ್ದಿದ್ದು ಅಂತ ಹೇಗೆ ಹೇಳ್ತೀರಿ, ಪಾಕ್?"

"ಎಡಗಡೆ ನೋಡಿ. ಇದು ಅದೇ ಕ್ಯಾಮೆರಾ, ಬೇರೆ ದಿನದ್ದು." ಅವರು ತೋರಿಸಿದ ಗೆರೆ ಪರದೆಯ ಉದ್ದಕ್ಕೂ ಸಪಾಟಾಗಿ ಮಲಗಿತ್ತು. "ಒಂದೇ ಸಮದ ಬಿಟ್‌ರೇಟ್. ಧಕ್ಕೆ ಮೇಲೆ ಬೆಕ್ಕು ಮಲಗಿರ್ಲಿ, ಮದುವೆ ಮೆರವಣಿಗೆ ಬರ್ಲಿ, ಚಿತ್ರ ಬರೆಯೋಕೆ ಪ್ರತಿ ಸೆಕೆಂಡಿಗೂ ಅಷ್ಟೇ ಮಾಹಿತಿ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿ ಇಲ್ಲ. ಬಂದರಿನ ಕ್ಯಾಮೆರಾಗಳೆಲ್ಲ ಹೀಗೇ ಬರೆಯೋದು."

"ಬಲಗಡೆದು?"

"ಅದು ಕಂಪನಿ ಮಂಡಳಿಗೆ ಕೊಟ್ಟಿದ್ದು. ನೋಡಿ, ಗುಡ್ಡ, ಕಣಿವೆ, ಗುಡ್ಡ. ಏರಿಳಿತದ ಬಿಟ್‌ರೇಟ್. ಚಿತ್ರ ಸುಮ್ನಿದ್ರೆ ಕಮ್ಮಿ, ಓಡಾಟ ಇದ್ರೆ ಜಾಸ್ತಿ. ಆ ಕ್ಯಾಮೆರಾಗೆ ಹೀಗೆ ಬರೆಯೋಕೆ ಬರೋದೇ ಇಲ್ಲ. ಕ್ಯಾಮೆರಾದಿಂದ ಈಚೆ ಬಂದ್ಮೇಲೆ ಫೈಲ್ ಚಿಕ್ಕದಾಗ್ಲಿ ಅಂತ ಇನ್ನೊಂದ್ಸಲ ಕುಗ್ಗಿಸಿದ್ದಾರೆ. ಮೂಲ ಪ್ರತಿ ಅಂತ ಹೇಳಿದ್ದು ಶುದ್ಧ ಸುಳ್ಳು."

"ಇಲ್ಲಿ ವಿಡಿಯೊ ಕುಗ್ಗಿಸೋರು ಎಷ್ಟು ಜನ?"

"ಇಬ್ರೇ. ನಾನು, ನಿಂಗ್ರುಮ್. ನಾನು ಟೀವಿಯಲ್ಲಿ ತಲೆ ನರೆಸಿಕೊಂಡವನು, ಬು. ಉಪಗ್ರಹಕ್ಕೆ ಕಳಿಸೋ ದಾರಿ ಇಷ್ಟೇ ಅಗಲ ಅಂತಿರುತ್ತೆ, ಅದಕ್ಕೆ ತಕ್ಕ ಹಾಗೆ ಒಂದೇ ಸಮ ಕಳಿಸಬೇಕು. ಏರಿಳಿತದ ತಂಟೆಗೆ ನಾನು ಹೋದವನೇ ಅಲ್ಲ. ಅದು ಆ ಹುಡುಗಿಯ ಹುಚ್ಚು."

ಪಾಲುಪಿ ಎಷ್ಟು ಜನ ಎಂದಷ್ಟೇ ಕೇಳಿದ್ದಳು. ಯಾರು ಎಂದು ಕೇಳಿರಲಿಲ್ಲ. ಪೊಲೀಸ್ ಕೆಲಸದಲ್ಲಿದ್ದಾಗಿನಿಂದ ಅವಳಿಗೊಂದು ಚಾಳಿ. ಕೇಳದೆ ಕೊಟ್ಟ ಉತ್ತರವನ್ನು ತಿರುವಿ ಹಾಕಿ ಹಿಂಬದಿ ನೋಡುವುದು.

ಮಸೀದಿಯಿಂದ ಶುಕ್ರವಾರದ ನಮಾಜಿನ ಕರೆ ಕೇಳಿಸಿತು. ಪಾಕ್ ಕುಂಚೊರೊ ಮೊಳೆಗೆ ತೂಗುಹಾಕಿದ್ದ ಕಪ್ಪು ಟೋಪಿಯನ್ನು ತೆಗೆದುಕೊಂಡು, ಕನ್ನಡಕ ಒರೆಸಿಕೊಂಡು ಎದ್ದರು.

"ನಿಮಗೆ ಬೇಕಾದವಳು ಕೆಳಗೆ ರಾವೊನ್ ಸಾರು ಕುಡೀತಾ ಕೂತಿದ್ದಾಳೆ. ಈಗ ಬರ್ತಾಳೆ. ಜೋರು ಮಾಡ್ಬೇಡಿ, ಪಾಪ, ಚಿಕ್ಕ ವಯಸ್ಸು."

ಆ ಪಾಪ ಎಂಬ ಮಾತೂ ಪಾಲುಪಿಗೆ ಸರಿಬರಲಿಲ್ಲ.

ಒಬ್ಬಳೇ ಆದಮೇಲೆ ಅವಳು ಪಕ್ಕದ ಕುರ್ಚಿಯಲ್ಲಿ ಕುಳಿತು ವಿಡಿಯೊವನ್ನು ಮೊದಲಿನಿಂದ ಓಡಿಸಿದಳು. ಮೊದಲ ಲಾರಿ ಬಂತು, ಹತ್ತಿತು. ಧಕ್ಕೆ ಖಾಲಿ. ಎರಡನೆಯದು ಹತ್ತಿತು. ಮತ್ತೆ ಖಾಲಿ. ಕಾಂಕ್ರೀಟು, ಎಣ್ಣೆಯ ಕಲೆ, ಒಂದು ಮೂಲೆಯಲ್ಲಿ ನಿಂತ ನೀರು.

ಅವಳು ವಿಡಿಯೊ ನಿಲ್ಲಿಸಿದಳು. ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ನೋಡಿದಳು.

ಖಾಲಿ ಧಕ್ಕೆಯಲ್ಲೇ ಏನೋ ಬದಲಾಗುತ್ತಿತ್ತು. ಅಷ್ಟು ಹೊತ್ತು ಮಸುಕಾಗಿದ್ದ ಕಾಂಕ್ರೀಟು ಇದ್ದಕ್ಕಿದ್ದಂತೆ ಯಾರೋ ಒರೆಸಿದ ಕನ್ನಡಿಯ ಹಾಗೆ ಚೊಕ್ಕವಾಗುತ್ತಿತ್ತು. ಕೂದಲೆಳೆಯಷ್ಟು ಸಣ್ಣ ಬಿರುಕುಗಳೂ ಕಾಣುತ್ತಿದ್ದವು. ಸ್ವಲ್ಪ ಹೊತ್ತಿಗೆ ಮತ್ತೆ ಮಸುಕು. ಬಿಸಿಲು ಹಾಗೇ ಇತ್ತು, ನೆರಳೂ ಕದಲಿರಲಿಲ್ಲ. ಹಾಗಿದ್ದ ಮೇಲೆ ಬಿರುಕುಗಳು ಬಂದು ಹೋಗುವುದೇಕೆ?

"ನನ್ನ ಕುರ್ಚಿ ಅದು."

ಬಾಗಿಲಲ್ಲಿ ನಿಂತಿದ್ದವಳು ತೆಳ್ಳಗಿನ ಹುಡುಗಿ. ಕೈಯಲ್ಲಿ ಐಸ್ ಟೀಯ ಪ್ಲಾಸ್ಟಿಕ್ ಚೀಲ, ಅದರ ಬಾಯಲ್ಲಿ ಸ್ಟ್ರಾ. ಕಣ್ಣಿನ ಕೆಳಗೆ ಸರಿಯಾಗಿ ನಿದ್ದೆ ಮಾಡದವರ ಕಪ್ಪು.

"ಕೂತ್ಕೊಳ್ಳಿ, ಮ್ಬಾಕ್ ನಿಂಗ್ರುಮ್. ನಾನು ನಿಂತಿರ್ತೀನಿ." ಪಾಲುಪಿ ಅಕ್ಕ ಎಂಬ ಮರ್ಯಾದೆಯ ಮಾತನ್ನೇ ಬಳಸಿ ಎದ್ದಳು.

"ಪೊಲೀಸಾ?"

"ಒಂದು ಕಾಲದಲ್ಲಿ. ಈಗ ಬರೀ ಮಂಡಿನೋವು."

ಹುಡುಗಿ ನಗಲಿಲ್ಲ. ಕುರ್ಚಿಯಲ್ಲಿ ಕುಳಿತು ಚೀಲವನ್ನು ಮೇಜಿನ ಅಂಚಿಗೆ ಸಿಕ್ಕಿಸಿದಳು. "ಪಾಕ್ ಆಗ್ಲೇ ಹೇಳಿರ್ಬೇಕಲ್ಲ. ಏರಿಳಿತ ಅಂದ್ರೆ ನಿಂಗ್ರುಮ್, ನಿಂಗ್ರುಮ್ ಅಂದ್ರೆ ಏರಿಳಿತ. ಮಾಲೀಕರು ಜಕಾರ್ತಾಗೆ ಹೋದ ದಿನಾನೇ ನೋಡ್ಕೊಂಡು ಬಂದಿದ್ದೀರಿ. ಒಳ್ಳೇ ಲೆಕ್ಕಾಚಾರ."

"ನನಗೆ ಲೆಕ್ಕ ಬರಲ್ಲ, ಅದಕ್ಕೇ ಕಲಿಯೋಕೆ ಬಂದೆ. ಯಾವಾಗ ಒಂದೇ ಸಮ, ಯಾವಾಗ ಏರಿಳಿತ? ಹೇಗೆ ಆರಿಸ್ತೀರಿ?"

ಬೇರೆ ಯಾವ ಪ್ರಶ್ನೆ ಕೇಳಿದ್ದರೂ ಹುಡುಗಿ ಬಾಯಿ ಬಿಡುತ್ತಿರಲಿಲ್ಲವೇನೋ. ತನ್ನ ಕೆಲಸದ ಬಗ್ಗೆ ಕೇಳಿದಾಗ ಸುಮ್ಮನಿರುವುದು ಅವಳಿಂದ ಆಗಲಿಲ್ಲ.

"ನೇರ ಪ್ರಸಾರ ಅಂದ್ರೆ ಒಂದೇ ಸಮ. ಅಲ್ಲಿ ಪಾಕ್ ಹೇಳೋದು ಸರಿ. ಆದ್ರೆ ಫೈಲ್ ಇಷ್ಟೇ ದೊಡ್ಡದಿರ್ಬೇಕು ಅಂತ ಯಾರಾದ್ರೂ ಕಟ್ಟು ಹಾಕಿದ್ರೆ, ಒಂದೇ ಸಮ ಹಂಚೋದು ದಂಡ. ಖಾಲಿ ಧಕ್ಕೆಗೂ ಅಷ್ಟೇ ಪಾಲು, ಓಡೋ ಲಾರಿಗೂ ಅಷ್ಟೇ ಪಾಲು. ಲಾರಿ ಬಂದಾಗ ಸಾಲದೆ ಚಿತ್ರ ಕಲಸಿದ ಅನ್ನ ಆಗುತ್ತೆ. ನಂಬರ್ ಪ್ಲೇಟೂ ಓದೋಕಾಗಲ್ಲ."

"ಆಗ?"

"ಆಗ ಏರಿಳಿತ. ಅದರಲ್ಲೂ ಎರಡು ದಾರಿ. ಚಿತ್ರ ಇಷ್ಟು ಚೆನ್ನಾಗಿರ್ಲಿ ಅಂತ ಹೇಳಿ ಬಿಟ್ಬಿಡೋದು ಒಂದು. ಚಿತ್ರ ಚೆನ್ನಾಗಿರುತ್ತೆ, ಫೈಲ್ ಎಷ್ಟು ಊದುತ್ತೋ ದೇವರೇ ಬಲ್ಲ. ಇನ್ನೊಂದು, ಎರಡು ಸುತ್ತಿನ ದಾರಿ. ಮೊದಲ ಸುತ್ತಲ್ಲಿ ಯಂತ್ರ ಪೂರ್ತಿ ವಿಡಿಯೊ ನೋಡಿ, ಎಲ್ಲಿ ಎಷ್ಟು ಬೇಕು ಅಂತ ಅಳೆದಿಟ್ಕೊಳ್ಳುತ್ತೆ. ಎರಡನೇ ಸುತ್ತಲ್ಲಿ ಆ ಅಳತೆ ಪ್ರಕಾರ ಪಾಲು ಹಾಕಿ ಬರೆಯುತ್ತೆ. ಹೇಳಿದ ಗಾತ್ರಕ್ಕೆ ಸರಿಯಾಗಿ ಕೂರುತ್ತೆ. ಮಂಡಳಿಯವರು ಗಾತ್ರಕ್ಕೆ ಕಟ್ಟು ಹಾಕಿದ್ರು. ಅದಕ್ಕೇ ಎರಡು ಸುತ್ತು. ಪಾಕ್ ಜೊತೆ ಅರ್ಧ ದಿನ ಜಗಳ ಆಡಿದ್ದೆ ಇದಕ್ಕೆ."

"ಹಾಗಾದ್ರೆ ಕುಗ್ಗಿಸಿದ್ದು ನೀವೇ."

ಹುಡುಗಿಯ ಕೈ ಸ್ಟ್ರಾದ ಮೇಲೆ ನಿಂತಿತು. ಮಾತಿನ ಓಟದಲ್ಲಿ ಎಲ್ಲಿಗೆ ಬಂದು ನಿಂತಿದ್ದೇನೆಂದು ಅವಳಿಗೆ ಈಗ ತಿಳಿಯಿತು.

"ಕುಗ್ಗಿಸೋದು ಅಪರಾಧ ಅಲ್ಲ," ಎಂದಳು.

"ಅಲ್ಲ. ಇದನ್ನ ಸ್ವಲ್ಪ ನೋಡಿ." ಪಾಲುಪಿ ಬಾಗಿ ವಿಡಿಯೊವನ್ನು ಎರಡನೇ ಲಾರಿಯ ನಂತರಕ್ಕೆ ಓಡಿಸಿದಳು. "ಇಲ್ಲಿ ಏನೂ ಇಲ್ಲ. ಬರೀ ನೆಲ. ಆದ್ರೂ ನೆಲಕ್ಕೆ ಯಾರೋ ಸಾಬೂನು ಹಚ್ಚಿ ತೊಳೆದ ಹಾಗಿದೆ. ಯಾಕೆ?"

ನಿಂಗ್ರುಮ್ ಉದಾಸೀನವಾಗಿಯೇ ನೋಡಿದಳು. ಆಮೇಲೆ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು. ಗುಡ್ಡ ಕಣಿವೆಗಳ ಗೆರೆಯನ್ನು ಹಿಗ್ಗಿಸಿ ವಿಡಿಯೊದ ಕೆಳಗೆ ತಂದು ಕೂರಿಸಿದಳು. ಖಾಲಿ ಧಕ್ಕೆಯ ಕೆಳಗೆ ಒಂದು ದೊಡ್ಡ ಗುಡ್ಡ ಎದ್ದು ನಿಂತಿತು. ಲಾರಿ ಹೋಗುವಾಗ ಏಳುವಷ್ಟೇ ದೊಡ್ಡದು.

"ಅಯ್ಯೋ ದೇವರೇ," ಎಂದಳು ಮೆಲ್ಲಗೆ. "ಹಳೇ ಅಳತೆ."

"ಅರ್ಥ ಆಗೋ ಹಾಗೆ ಹೇಳಿ."

"ಎರಡನೇ ಸುತ್ತು ಹಾಕೋ ಮುಂಚೆ ಹೊಸ ಅಳತೆ ತೆಗೆಸಿಲ್ಲ. ಚಿತ್ರ ಬದಲಾಗಿದೆ, ಅಳತೆ ಬದಲಾಗಿಲ್ಲ. ಇಲ್ಲಿ ಲಾರಿ ಇದೆ ಅಂತ ಯಂತ್ರ ಹಳೇ ಅಳತೆಯನ್ನ ನಂಬಿದೆ. ಲಾರಿಗೆ ಎತ್ತಿಟ್ಟ ಪಾಲನ್ನೆಲ್ಲ ಖಾಲಿ ನೆಲಕ್ಕೆ ಸುರಿದಿದೆ. ಅದಕ್ಕೇ ಬಿರುಕು ಸಮೇತ ಕಾಣ್ತಿದೆ." ಅವಳು ಬೆರಳಿನಿಂದ ಹಣೆ ಒತ್ತಿಕೊಂಡಳು. "ಛೆ, ಎಂಥಾ ಹೆಡ್ಡ ಕೆಲಸ. ಇದು ನಂದಲ್ಲ, ಬು. ಇದು ಮಾತ್ರ ನಂದಲ್ಲ."

"ಇದು ಮಾತ್ರ ಅಲ್ಲ," ಎಂದಳು ಪಾಲುಪಿ. "ಹಾಗಾದ್ರೆ ಯಾವುದು ನಿಮ್ದು?"

ಹುಡುಗಿ ಕುರ್ಚಿಯನ್ನು ಪರದೆಯಿಂದ ಹಿಂದಕ್ಕೆ ಸರಿಸಿದಳು.

"ಎಷ್ಟು ಲಾರಿ ಅಳಿಸಿದ್ರಿ, ಮ್ಬಾಕ್?"

"ಎರಡು."

ಹೇಳಿದ ಮೇಲೆ ಅವಳು ಅಳಲಿಲ್ಲ. ಬೆನ್ನ ಮೇಲಿನ ಮೂಟೆ ಇಳಿಸಿದವಳಂತೆ ಕುರ್ಚಿಗೆ ಒರಗಿದಳು.

"ಫೈಲ್ ಬಂದ ದಿನ ನಾನು ಪ್ರಾಮಾಣಿಕವಾಗಿ ಮೊದಲ ಸುತ್ತು ಹಾಕಿದ್ದೆ. ಐದು ಲಾರಿ ಇದ್ವು. ಆಮೇಲೆ ಮಾಲೀಕರು ಬಂದು ಬಾಗಿಲು ಹಾಕ್ಕೊಂಡ್ರು. ಎರಡು ಲಾರಿ ಕಾಣಬಾರದು ಅಂದ್ರು. ಆಗಲ್ಲ ಅಂದೆ. ಸತ್ತವರು ವಾಪಸ್ ಬರ್ತಾರೇನಮ್ಮ, ಇದ್ದವರ ಕೆಲಸ ಉಳಿಸೋಣ ಅಂದ್ರು. ಈ ಕಚೇರೀಲಿ ಅರ್ಧ ಜನರ ಅನ್ನ ಆ ಕಂಪನಿ ಜಾಹೀರಾತಿಂದ." ಅವಳು ಪರದೆಯತ್ತ ನೋಡಲಿಲ್ಲ. "ಖಾಲಿ ನೆಲದ ತುಂಡು ತಗೊಂಡು ಲಾರಿ ಮೇಲೆ ಅಂಟಿಸ್ತಾ ಹೋದೆ. ಲಾರಿಯೊಳಗೆ ಒಬ್ಬ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿದ್ದ, ಬು. ಆ ಕೈನೂ ಅಳಿಸಿದೆ. ಅವನೂ ಮುಳುಗಿದವನೇ ಇರ್ಬೇಕು."

ಸಮಾಧಾನ ಹೇಳುವುದಕ್ಕೆ ಪಾಲುಪಿಗೆ ಮನಸ್ಸೂ ಇರಲಿಲ್ಲ, ಸಮಯವೂ ಇರಲಿಲ್ಲ. ಆದರೂ ಮೇಜಿನ ಅಂಚಿನಿಂದ ಜಾರುತ್ತಿದ್ದ ಟೀ ಚೀಲವನ್ನು ಎತ್ತಿ ಹುಡುಗಿಯ ಕೈಗೆ ಕೊಟ್ಟಳು.

"ಸೋಮವಾರ ಮಂಡಳಿ ಮುಂದೆ ಇದನ್ನೇ ಹೇಳ್ತೀರಾ?"

"ಕೆಲಸ ಹೋಗುತ್ತೆ."

"ಹೋಗುತ್ತೆ."

"ಜೈಲು?"

"ಗೊತ್ತಿಲ್ಲ. ಮಂಡಳಿ ಕರೆಯೋ ಮುಂಚೆ ನೀವಾಗೇ ಹೋದ್ರೆ, ವಕೀಲರ ಜೊತೆ ನಾನೂ ಬರ್ತೀನಿ."

ನಿಂಗ್ರುಮ್ ಸ್ಟ್ರಾ ಕಚ್ಚಿದಳು. "ಹೇಳ್ತೀನಿ," ಎಂದಳು ಕೊನೆಗೆ. "ಈ ಗುಡ್ಡಗಳನ್ನೂ ತೋರಿಸ್ತೀನಿ. ನೋಡಿ, ಒಂದು ಇಲ್ಲಿ, ಎರಡನೇದು ಇಲ್ಲಿ. ಅಳಿಸಿದ ಲಾರಿ ಅಳಿಸಿದ ಜಾಗದಲ್ಲೇ ನಿಂತಿದೆ. ನಾವು ಅಳಿಸಿದ್ದು ಚಿತ್ರ ಅಷ್ಟೇ, ಅದರ ಪಾಲನ್ನ ಅಳಿಸಿಲ್ಲ."

ಪಾಲುಪಿಯ ಎದೆ ಹಗುರವಾಯಿತು. ಮುಗಿದಂತೆಯೇ. ಐದು ಲಾರಿಯ ಭಾರ ಹೊರಿಸಿದ್ದು ಕಂಪನಿ. ಬಸುನಿ ಹೊರಟದ್ದೇ ಮುಳುಗುವ ಹಡಗಿನಲ್ಲಿ.

ಹುಡುಗಿ ಗೆರೆಯನ್ನು ಇನ್ನೂ ಎಳೆಯುತ್ತಿದ್ದಳು. ಹಡಗಿನ ಬಾಯಿಯ ಹಲಗೆ ಮೇಲಕ್ಕೆದ್ದಿತು. ಹಡಗು ಧಕ್ಕೆ ಬಿಟ್ಟಿತು. ಇನ್ನು ಉಳಿದದ್ದು ನೀರು, ನೆಲ.

"ಇದೇನಿದು?" ಎಂದಳು ನಿಂಗ್ರುಮ್.

ಸಪಾಟು ಕಣಿವೆಯ ನಡುವೆ ಒಂದು ಪುಟ್ಟ ದಿಬ್ಬ. ಅದರ ಮೇಲಿನ ಚಿತ್ರದಲ್ಲಿ ಖಾಲಿ ಧಕ್ಕೆ, ಬಲಗಡೆಯ ಒಂದು ಪಟ್ಟಿಯಷ್ಟು ನೆಲ ಮಾತ್ರ ತೊಳೆದಂತೆ ಚೊಕ್ಕ.

"ಇದನ್ನೂ ನೀವೇ?"

"ಇಲ್ಲ. ಹಡಗು ಹೋದ್ಮೇಲಿನ ಭಾಗ ನಾನು ಮುಟ್ಟೇ ಇಲ್ಲ. ಅಲ್ಲಿ ಲಾರೀನೇ ಇರ್ಲಿಲ್ಲ, ಸರಿಯಾಗಿ ನೋಡೂ ಇಲ್ಲ."

"ಲಾರಿಗೆ ಇದು ಚಿಕ್ಕದಾಯ್ತು."

ನಿಂಗ್ರುಮ್ ವಿಡಿಯೊದ ಮೊದಲ ಭಾಗಕ್ಕೆ ಹೋದಳು. ಅಲ್ಲಿ ಹಗ್ಗ ಬಿಚ್ಚುವ ಕೆಲಸಗಾರನೊಬ್ಬ ಧಕ್ಕೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಹೋಗುತ್ತಿದ್ದ. ಅವನ ಕೆಳಗಿನ ದಿಬ್ಬವನ್ನು ಎತ್ತಿ ಈ ದಿಬ್ಬದ ಪಕ್ಕದಲ್ಲಿಟ್ಟಳು. ಅವಳಿಜವಳಿಗಳ ಹಾಗಿದ್ದವು.

"ಮನುಷ್ಯ," ಎಂದಳು. "ಒಬ್ಬನೇ. ಹಡಗಿನ ಕಡೆಯಿಂದ ಈಚೆಗೆ ಬಂದಿದ್ದಾನೆ."

ಹಲಗೆ ಏಳುವ ಕೊನೆಯ ಗಳಿಗೆಯಲ್ಲಿ ಯಾರೋ ಕೆಳಕ್ಕೆ ಹಾರಿದ್ದಾರೆ. ಹಡಗು ಮುಳುಗಿತು, ಅವನು ಉಳಿದ. ಉಳಿದವನು ಬಂದು ನಾನಿದ್ದೇನೆ ಎಂದು ಹೇಳಲಿಲ್ಲ. ಅಷ್ಟೇ ಅಲ್ಲ, ಅವನು ನಡೆದದ್ದನ್ನು ಯಾರೋ ಜೋಪಾನವಾಗಿ ಒರೆಸಿಹಾಕಿದ್ದಾರೆ.

ಹಾಗಾದರೆ ಅಳಿಸಿದವರು ಇಬ್ಬರು. ಒಬ್ಬಳು ಲಾರಿಗಳನ್ನು ಅಳಿಸಿದಳು. ಇನ್ನೊಬ್ಬ ಮನುಷ್ಯನನ್ನು ಅಳಿಸಿದ.

"ಕೊನೆಯ ಸುತ್ತು ಹಾಕಿದ್ದು ಯಾರು?"

"ಲಾರಿ ಅಳಿಸಿದ್ಮೇಲೆ ನನಗೆ ಆ ಪರದೆ ನೋಡೋಕೇ ಆಗ್ಲಿಲ್ಲ. ನೀನು ಮನೆಗೆ ಹೋಗು ಮಗಳೇ, ಉಳಿದಿದ್ದು ನಾನು ನೋಡ್ಕೋತೀನಿ ಅಂದ್ರು..." ಮಾತು ಅಲ್ಲೇ ನಿಂತಿತು. "ಪಾಕ್."

"ಏರಿಳಿತದ ತಂಟೆಗೇ ಹೋಗದವರು."

"ಅದಕ್ಕೇ ಹೊಸ ಅಳತೆ ತೆಗೆಸಬೇಕು ಅಂತ ಅವರಿಗೆ ಗೊತ್ತಿಲ್ಲ! ನಾನು ಇಟ್ಟಿದ್ದ ಹಾಗೇ ಗುಂಡಿ ಒತ್ತಿದ್ದಾರೆ. ಬು, ಈ ದಾರಿ ಬಲ್ಲವರು ಯಾರೂ ಈ ತಪ್ಪು ಮಾಡಲ್ಲ."

ಪಾಲುಪಿಗೆ ಆಗಿನ ಪಾಠ ನೆನಪಾಯಿತು. ಎಷ್ಟು ಸಲೀಸಾಗಿ ಹೇಳಿಕೊಟ್ಟಿದ್ದರು ಮುದುಕರು. ಲಾರಿಗಳ ಮೋಸ ಬಯಲಾಗುವುದು ಅವರಿಗೆ ಬೇಕಿತ್ತು. ಆದರೆ ಅದು ಈ ಹುಡುಗಿಯ ಹತ್ತಿರ ಬಂದು ನಿಲ್ಲಬೇಕಿತ್ತು. ಯಾಕೆ?

ಸುಮಿಯಾರ್‌ಗೆ ವಿಷಯ ತಿಳಿಸಬೇಕಿತ್ತು. ಪಾಲುಪಿ ಫೋನ್ ಮಾಡಿದಳು. ಮೊದಲ ಗಂಟೆಗೇ ಆ ಕಡೆಯಿಂದ ದನಿ ಬಂತು.

"ಬು ಪಾಲುಪಿ, ಊಟ ಆಯ್ತಾ? ಏನಾದ್ರೂ ಸಿಕ್ತಾ?"

"ಸಿಕ್ತು. ಐದು ಲಾರಿ ಹತ್ತಿಸಿದ್ದಾರೆ. ಎರಡನ್ನ ಅಳಿಸಿದ್ದಾರೆ. ಸಾಕ್ಷಿ ಹೇಳೋರೂ ಸಿಕ್ಕಿದ್ದಾರೆ."

ಆ ಕಡೆ ದೀರ್ಘವಾದ ಉಸಿರು. ಆಮೇಲೆ ಅಳು, ನಗು ಎರಡೂ ಬೆರೆತ ಸ್ವರ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ನಮ್ಮ ಯಜಮಾನ್ರ ಹೆಸರು ಉಳೀತಲ್ಲ, ನನಗೆ ಇನ್ನೇನೂ ಬೇಡ. ಇಲ್ಲಿಗೇ ಸಾಕು, ಬು. ಇನ್ನೇನೂ ಹುಡುಕ್ಬೇಡಿ."

"ಒಂದೇ ಒಂದು ಉಳ್ಕೊಂಡಿದೆ. ಹಡಗು ಬಿಟ್ಟ ಮೇಲೆ ಧಕ್ಕೆ ಮೇಲೆ ಏನೋ ಕದಲಿದೆ. ಅದನ್ನೂ ಅಳಿಸಿದ್ದಾರೆ."

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು.

"ಹಲೋ? ಬು ಸುಮಿಯಾರ್?"

ಫೋನ್ ಕಟ್ಟಾಯಿತು.

ಪಾಲುಪಿ ಫೋನನ್ನು ಕಿವಿಯಿಂದ ಇಳಿಸುವಷ್ಟರಲ್ಲಿ ಕೋಣೆಯಲ್ಲಿ ಇನ್ನೊಂದು ಫೋನ್ ರಿಂಗಾಯಿತು. ಪಾಕ್ ಕುಂಚೊರೊ ಚಾರ್ಜಿಗೆ ಹಾಕಿ ಹೋಗಿದ್ದು, ಯಂತ್ರಗಳ ಸಂದಿಯಲ್ಲಿತ್ತು. ಅದರ ಮೇಲೆ ಬೆಳಗಿದ ಮುಖ ಪಾಲುಪಿಗೆ ಚೆನ್ನಾಗಿ ಗೊತ್ತಿದ್ದ ಮುಖ. ಆ ಮುಖದ ಕೆಳಗೆ ಒಂದೇ ಪದ. ತಂಗಿ.

"ಪಾಕ್ ತಂಗಿ ಅದು," ಎಂದಳು ನಿಂಗ್ರುಮ್. "ಆ ಕಪ್ತಾನರ ಹೆಂಡ್ತಿ. ನಿಮಗೆ ಗೊತ್ತಿಲ್ವಾ? ನಿಮ್ಮನ್ನ ಕಳಿಸಿದ್ದು ಅವರೇ ಅಂದ್ಕೊಂಡಿದ್ನಲ್ಲ."

ನನಗೆ ಈ ಲೋಕದಲ್ಲಿ ಯಾರೂ ಇಲ್ಲ, ಬು. ಮೊದಲ ದಿನ ಸುಮಿಯಾರ್ ಅತ್ತುಕೊಂಡು ಹೇಳಿದ್ದ ಮಾತು ಅದು. ಸ್ಟುಡಿಯೊದ ಹೆಸರು ಕೊಟ್ಟವಳು ತಂಗಿ, ಒಳಗೆ ಪಾಠ ಹೇಳಿದವನು ಅಣ್ಣ. ಪಾಲುಪಿಗೆ ಲಾರಿಗಳು ಸಿಗಲಿ ಎಂದೇ ಇಬ್ಬರೂ ಕಾದಿದ್ದರು. ಮನುಷ್ಯ ಮಾತ್ರ ಸಿಗಬಾರದಿತ್ತು.

ಮುಳುಗಿದವರಲ್ಲಿ ಎಲ್ಲರ ದೇಹಗಳೂ ದಡಕ್ಕೆ ಬಂದಿದ್ದವು, ಒಬ್ಬನದನ್ನು ಬಿಟ್ಟು. ಕಪ್ತಾನ ಬಸುನಿಯ ಗೋರಿ ಖಾಲಿ ನೆಲ.

ಫೋನ್ ಇನ್ನೂ ರಿಂಗಾಗುತ್ತಿತ್ತು. ಪ್ರಾರ್ಥನೆ ಮುಗಿದು ಕೆಳಗಿನ ಬೀದಿಯಲ್ಲಿ ಮೋಟಾರ್ ಬೈಕುಗಳು ಒಂದೊಂದಾಗಿ ಸದ್ದು ಮಾಡತೊಡಗಿದ್ದವು. ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ ಕೇಳಿಸಿತು. ನಿಧಾನದ ಹೆಜ್ಜೆ, ವಯಸ್ಸಾದವರದು.

ನಿಂಗ್ರುಮ್ ಬೇಡವೆಂಬಂತೆ ತಲೆಯಾಡಿಸಿದಳು. ಪಾಲುಪಿ ಕೈ ಚಾಚಿ ಫೋನ್ ಎತ್ತಿಕೊಂಡು, ಏನೂ ಮಾತಾಡದೆ ಕಿವಿಗಿಟ್ಟಳು.

"ಅಣ್ಣಾ," ಎಂದಿತು ಸುಮಿಯಾರ್‌ಳ ದನಿ, ಏದುಸಿರಿನಲ್ಲಿ. "ಆ ಹೆಂಗಸಿಗೆ ಗೊತ್ತಾಗಿದೆ. ನಮ್ಮ ಯಜಮಾನ್ರನ್ನ ಅಡಗಿಸಿಟ್ಟ ಜಾಗದಿಂದ ಈಗ್ಲೇ ಬೇರೆ ಕಡೆ ಸಾಗಿಸು."

ಬಾಗಿಲಿನ ಹಿಡಿ ತಿರುಗಿತು.